ಸೆಲ್ಲನ್ನು ಫ್ರಿಜ್‌ನಲ್ಲಿ ಇಡಬೇಕಾ? ಮನೆಯ ಬ್ಯಾಟರಿಗಳು ಜಾಸ್ತಿ ದಿನ ಬಾಳುವ ಬಗೆ

ಪ್ರಶ್ನೆ: ಸರ್, ನಮ್ಮದು ರಾಯಚೂರು ಜಿಲ್ಲೆಯ ಸಿಂಧನೂರು. ಟಾರ್ಚು, ರಿಮೋಟು, ಗೋಡೆ ಗಡಿಯಾರಕ್ಕೆ ಅಂತ ಒಂದೇ ಸಲಕ್ಕೆ ಒಂದೆರಡು ಡಜನ್ ಸೆಲ್ಲು ತಂದು, ಬಿಸ್ಕೆಟಿನ ತಗಡಿನ ಡಬ್ಬದಲ್ಲಿ ಹಾಕಿ ಸಜ್ಜಾದ ಮೇಲೆ ಇಡುತ್ತೇನೆ. ಬೇಕು ಅಂದಾಗ ತೆಗೆದರೆ ಎಷ್ಟೋ ಸೆಲ್ಲು ಸತ್ತಿರುತ್ತವೆ. ಫ್ರಿಜ್‌ನಲ್ಲಿಡು ಅಂತ ಅತ್ತೆ ಹೇಳುತ್ತಾರೆ, ಬೇಡ ಅಂತ ಮಗ ಹೇಳುತ್ತಾನೆ. ದುಡ್ಡು ಕೊಟ್ಟು ತಂದ ರೀಚಾರ್ಜ್ ಸೆಲ್ಲು ಒಂದೇ ವರ್ಷಕ್ಕೆ ಹೋದವು. ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೋಗಿ ಒಂದು ತಿಂಗಳು ಬಿಟ್ಟು ಬಂದರೆ ಇನ್ವರ್ಟರ್ ಬ್ಯಾಟರಿ ಪೂರ್ತಿ ಇಳಿದಿತ್ತು. ಎಲ್ಲಕ್ಕಿಂತ ಬೇಸರ ಅಂದರೆ, ಮಾವನವರ ಹಳೆ ರೇಡಿಯೊದಲ್ಲಿ ಸೆಲ್ಲು ನೀರು ಬಿಟ್ಟು ಒಳಗೆಲ್ಲ ಬೆಳ್ಳಗೆ ಬೂದಿ ಹಿಡಿದಿದೆ. ಇವನ್ನೆಲ್ಲ ಹೇಗೆ ಇಟ್ಟುಕೊಳ್ಳಬೇಕು, ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮೇಡಂ, ನಿಮ್ಮ ಮನೆಯಲ್ಲಿ ನಾಲ್ಕೈದು ಜಾತಿಯ ಬ್ಯಾಟರಿಗಳಿವೆ. ಎಲ್ಲಕ್ಕೂ ಒಂದೇ ಉಪಚಾರ ನಡೆಯುತ್ತಿದೆ. ತೊಂದರೆ ಶುರುವಾಗಿರುವುದು ಅಲ್ಲೇ. ಒಂದು ಜಾತಿಯನ್ನು ಹೊಟ್ಟೆ ತುಂಬಿಸಿಯೇ ಮಲಗಿಸಬೇಕು. ಇನ್ನೊಂದಕ್ಕೆ ಅರ್ಧ ಹೊಟ್ಟೆ ಸಾಕು, ತುಂಬಿಸಿ ಇಟ್ಟರೆ ಕೆಡುತ್ತದೆ. ಮತ್ತೊಂದಕ್ಕೆ ಒಣ ಜಾಗ ಸಿಕ್ಕರೆ ಬೇರೇನೂ ಬೇಡ. ಎಲ್ಲವನ್ನೂ ಕೆಡಿಸುವುದು ಮಾತ್ರ ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಛಾವಣಿಯ ಕೆಳಗಿನ ಸಜ್ಜಾದ ಮೇಲೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಬಿಸಿಗಾಳಿ ಮೇಲಕ್ಕೆ ಹೋಗಿ ನಿಲ್ಲುವುದೇ ಅಲ್ಲಿ. ಮನೆಯಲ್ಲಿ ಸೆಲ್ಲಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಮೊದಲು ಆ ಡಬ್ಬ ಕೆಳಗಿಳಿಸಿ. ಕನ್ನಡಕ ಹಾಕಿಕೊಂಡು ಒಂದೊಂದೇ ಸೆಲ್ಲನ್ನು ಕೈಯಲ್ಲಿ ತಿರುಗಿಸಿ, ಮೈಮೇಲಿನ ಸಣ್ಣ ಅಕ್ಷರ ಓದಿ. ಪೆನ್ಸಿಲ್ ಸೆಲ್ಲಿನ ಮೇಲೆ ಬರೀ ಆರ್6 ಅಂತ ಇದ್ದರೆ ಅದು ಹಳೆ ಕಾಲದಿಂದ ಬಂದ ಸತು-ಕಾರ್ಬನ್ ಸೆಲ್ಲು. ಮುಂದೆ ಎಲ್ ಸೇರಿ ಎಲ್‌ಆರ್6 ಅಂತ ಇದ್ದರೆ ಆಲ್ಕಲೈನ್. ಎಚ್‌ಆರ್6 ಅಂತ ಇದ್ದರೆ ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲು. ಬಟನ್ ಸೆಲ್ಲಿನ ಮೇಲೆ ಸಿಆರ್ ಅಂತ ಇದ್ದರೆ ಲಿಥಿಯಂ. ಅಕ್ಷರ ಜಾತಿ ಹೇಳುತ್ತದೆ, ಅಂಕಿ ಗಾತ್ರ ಹೇಳುತ್ತದೆ. 6 ಅಂದರೆ ನಾವು ಎಎ ಅನ್ನುವ ಪೆನ್ಸಿಲ್ ಸೆಲ್ಲು. 03 ಅಂದರೆ ಅದಕ್ಕಿಂತ ಸಣ್ಣ ಎಎಎ. 20 ಅಂದರೆ ದೊಡ್ಡ ಟಾರ್ಚಿನ ಸೆಲ್ಲು. ಸಿಆರ್2032 ಅನ್ನುವ ಬಟನ್ ಸೆಲ್ಲು 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಇರುತ್ತದೆ. ಹೆಸರಲ್ಲೇ ಅಳತೆ ಇದೆ ನೋಡಿ.

ಹೀಗೆ ವಿಂಗಡಿಸಿದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಸತು-ಕಾರ್ಬನ್ ಸೆಲ್ಲು ಸುಮ್ನೆ ಇಟ್ಟರೂ ಬೇಗ ಇಳಿಯುತ್ತದೆ. ಎರಡು ಮೂರು ವರ್ಷಕ್ಕಿಂತ ಜಾಸ್ತಿ ಅದರ ಮೇಲೆ ಭರವಸೆ ಇಡಬೇಡಿ. ಬಿಸಿಯಲ್ಲಿ ಇಟ್ಟರೆ ಅಷ್ಟೂ ಬಾಳುವುದಿಲ್ಲ. ಆಲ್ಕಲೈನ್ ಗಟ್ಟಿ ಜೀವ. 20 ಡಿಗ್ರಿ ಆಸುಪಾಸಿನಲ್ಲಿ ವರ್ಷಕ್ಕೆ ಶೇ 2ರಿಂದ 3ರಷ್ಟು ಮಾತ್ರ ಕಳೆದುಕೊಳ್ಳುತ್ತದೆ. ಅದಕ್ಕೇ ಅವುಗಳ ಮೇಲೆ ಹತ್ತು ವರ್ಷ ಮುಂದಿನ ತಾರೀಖು ಅಚ್ಚು ಹಾಕಿರುತ್ತಾರೆ.

ಹಾಗಾಗಿ ಗೋಡೆ ಗಡಿಯಾರ, ಟಿವಿ ರಿಮೋಟಿಗೆ ಅಗ್ಗದ ಸತು-ಕಾರ್ಬನ್ ಸೆಲ್ಲು ಧಾರಾಳವಾಗಿ ಸಾಕು. ಅವು ಎಳೆಯುವ ಕರೆಂಟೇ ಕಡಿಮೆ. ಆದರೆ ಅವನ್ನು ಡಜನ್‌ಗಟ್ಟಲೆ ತಂದು ಕೂಡಿಡಬೇಡಿ. ಬೇಕಾದಾಗ, ಚೆನ್ನಾಗಿ ವ್ಯಾಪಾರ ಆಗುವ ಅಂಗಡಿಯಿಂದ ನಾಲ್ಕು ತನ್ನಿ. ಮೂಲೆಯ ಗಾಜಿನ ಕಪಾಟಿನಲ್ಲಿ ಬಿಸಿಲು ಬೀಳುವ ಕಡೆ ವರ್ಷಗಟ್ಟಲೆ ತೂಗುಹಾಕಿದ ಸೆಲ್ಲು ಬೇಡ. ಕರೆಂಟು ಹೋದಾಗ ಬೇಕು ಅಂತ ಕೂಡಿಡುವುದಾದರೆ ಎಲ್‌ಆರ್ ಅಂತ ಇರುವುದನ್ನೇ ಕೂಡಿಡಿ. ಕೊಳ್ಳುವಾಗ ತಾರೀಖು ನೋಡಿ. ಹಾಲಿನ ಪ್ಯಾಕೆಟ್ ನೋಡಿ ತರುತ್ತೇವಲ್ವಾ, ಹಾಗೆ.

ಈಗ ತಗಡಿನ ಡಬ್ಬದ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಬಿಡಿ ಸೆಲ್ಲುಗಳನ್ನು ತಗಡಿನ ಅಥವಾ ಸ್ಟೀಲ್ ಡಬ್ಬದಲ್ಲಿ ಉರುಳಾಡಲು ಬಿಡಬೇಡಿ. ಒಂದರ ತಲೆ ಇನ್ನೊಂದರ ಬುಡಕ್ಕೆ ತಾಗಿ, ಎರಡೂ ತಗಡಿಗೆ ತಾಗಿದರೆ ಮುಗಿಯಿತು, ಶಾರ್ಟ್ ಆಗುತ್ತದೆ. ಸೆಲ್ಲು ತನ್ನಷ್ಟಕ್ಕೇ ಇಳಿಯುತ್ತದೆ, ಬಿಸಿಯಾಗುತ್ತದೆ, ನೀರು ಬಿಡುತ್ತದೆ. ನಿಮ್ಮ ಡಬ್ಬದಲ್ಲಿ ಸತ್ತ ಸೆಲ್ಲುಗಳಲ್ಲಿ ಕೆಲವು ಹೀಗೇ ಸತ್ತಿರಬಹುದು. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಇನ್ನೂ ಅಪಾಯ. ಅದರ ಎರಡೂ ತುದಿ ಒಂದೇ ಕಡೆ, ಪಕ್ಕಪಕ್ಕದಲ್ಲಿ ಇರುತ್ತವೆ.

ನನ್ನ ರಿಪೇರಿ ಮೇಜಿನ ಡ್ರಾದಲ್ಲೇ ಒಮ್ಮೆ ಹೀಗಾಯಿತು. ಸೋಲ್ಡರ್ ತಂತಿಯ ಸುರುಳಿ, ಒಂದು ಬೀಗದ ಕೈ ಗೊಂಚಲು, ಮೈಕಿನಿಂದ ತೆಗೆದ 9 ವೋಲ್ಟ್ ಬ್ಯಾಟರಿ ಎಲ್ಲ ಒಟ್ಟಿಗೆ ಬಿದ್ದಿದ್ದವು. ಮಧ್ಯಾಹ್ನ ಊಟ ಮುಗಿಸಿ ಬಂದರೆ ಕಮಟು ವಾಸನೆ. ಡ್ರಾ ಎಳೆದೆ. ಬೀಗದ ಕೈಯೊಂದು ಬ್ಯಾಟರಿಯ ತಲೆಯ ಮೇಲೆ ಅಡ್ಡ ಮಲಗಿತ್ತು. ಅದರ ಕೆಳಗೆ ಹಾಸಿದ್ದ ರದ್ದಿ ಕಾಗದ ಕಾಸಿನಗಲ ಕಂದುಬಣ್ಣಕ್ಕೆ ತಿರುಗಿತ್ತು. ಕೈ ಮುಟ್ಟಲು ಆಗದಷ್ಟು ಬಿಸಿ. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ. ಅವತ್ತಿನಿಂದ ಪ್ರತಿ 9 ವೋಲ್ಟ್ ಬ್ಯಾಟರಿಯ ತಲೆಗೂ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿಯೇ ಒಳಗಿಡುತ್ತೇನೆ. ನೀವೂ ಹಾಗೆ ಮಾಡಿ.

ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಕೊಂಡಾಗ ಬರುವ ರಟ್ಟಿನ ಪ್ಯಾಕಿನಲ್ಲೇ ಇದ್ದರೆ ಅದನ್ನು ಹರಿಯಬೇಡಿ, ಹಾಗೇ ಒಳಗಿಡಿ. ಬಿಡಿ ಸೆಲ್ಲುಗಳಾದರೆ ಎಲ್ಲದರ ತಲೆ ಒಂದೇ ಕಡೆ ಬರುವಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ. ಬಳಸಿದ್ದು, ಹೊಸದು ಯಾವತ್ತೂ ಕಲೆಸಬೇಡಿ. ಇನ್ನು ಡಬ್ಬವನ್ನು ಎಲ್ಲಿ ಇಡುವುದು? ಮನೆಯೊಳಗೆ ಮಧ್ಯಾಹ್ನ ಮೂರು ಗಂಟೆಗೂ ತಂಪಾಗಿರುವ ಕೋಣೆ ಯಾವುದು ಅಂತ ನಿಮಗೆ ಗೊತ್ತಿರುತ್ತದೆ. ಆ ಕೋಣೆಯ ಅಲ್ಮಾರಿಯ ತಳದ ಖಾನೆ ಒಳ್ಳೆಯ ಜಾಗ. ನಿಮ್ಮ ಕಡೆ ಹಳೆ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಯ ಗೂಡು ಇರುತ್ತದೆ. ಬೇಸಿಗೆಯಲ್ಲೂ ಅದು ತಣ್ಣಗಿರುತ್ತದೆ. ಅಂಥ ಗೂಡು ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನೀರಿನ ಗಡಿಗೆಯ ಪಕ್ಕ, ಒಲೆಯ ಮೇಲಿನ ಕಪಾಟು, ಫ್ರಿಜ್‌ನ ನೆತ್ತಿ, ಕಾರಿನ ಡ್ಯಾಶ್‌ಬೋರ್ಡ್ ಇವು ಯಾವುವೂ ಬೇಡ.

ಫ್ರಿಜ್‌ನ ಒಳಗೆ? ನಿಮ್ಮ ಅತ್ತೆಯವರ ಮಾತಿಗೆ ಆಧಾರ ಇಲ್ಲದೆ ಇಲ್ಲ. ಅವರ ಕಾಲದಲ್ಲಿ ಮನೆಯಲ್ಲಿ ಇದ್ದದ್ದು ಸತು-ಕಾರ್ಬನ್ ಸೆಲ್ಲು ಮಾತ್ರ. ಅದು ಬಿಸಿಗೆ ಬೇಗ ಸೊರಗುತ್ತದೆ. ತಣ್ಣಗೆ ಇಟ್ಟರೆ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುವುದು ನಿಜ. ಆದರೆ ಫ್ರಿಜ್‌ನಲ್ಲಿ ತಂಪಿನ ಜೊತೆ ತೇವವೂ ಇರುತ್ತದೆ. ತಣ್ಣನೆಯ ಸೆಲ್ಲನ್ನು ಹೊರಗೆ ತೆಗೆದ ತಕ್ಷಣ, ತಣ್ಣೀರಿನ ಲೋಟದ ಮೈ ಬೆವರುವ ಹಾಗೆ ಅದರ ಮೈಯೂ ಬೆವರುತ್ತದೆ. ಆ ನೀರು ಸಂದಿಗೆ ಇಳಿದು ತುದಿಗಳಿಗೆ ತುಕ್ಕು ಹಿಡಿಸುತ್ತದೆ. ವರ್ಷಕ್ಕೆ ಶೇ 2, 3 ಕಳೆದುಕೊಳ್ಳುವ ಆಲ್ಕಲೈನ್ ಸೆಲ್ಲಿಗೆ ಅಷ್ಟು ಸಣ್ಣ ಉಳಿತಾಯಕ್ಕಾಗಿ ಈ ಅಪಾಯ ಬೇಡ. ತಯಾರಕರು ಕೂಡ ಬೇಡ ಅಂತಲೇ ಹೇಳುತ್ತಾರೆ. ಈ ವಿಷಯದಲ್ಲಿ ನಿಮ್ಮ ಮಗ ಹೇಳುವುದು ಸರಿ.

ಒಂದು ವೇಳೆ ಮನೆಯಲ್ಲಿ ತಂಪು ಜಾಗವೇ ಇಲ್ಲ, ಬೇಸಿಗೆ ಎರಡು ತಿಂಗಳಿಗಾದರೂ ಫ್ರಿಜ್‌ನಲ್ಲಿ ಇಡಲೇಬೇಕು ಅಂತಾದರೆ, ಗಾಳಿಯಾಡದ ಡಬ್ಬದಲ್ಲಿ ಹಾಕಿ, ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಸೇರಿಸಿ, ಬಾಗಿಲ ಕಡೆ ಇಡಿ. ತೆಗೆದ ಮೇಲೆ ಡಬ್ಬ ತೆರೆಯದೆ ಅರ್ಧ ದಿನ ಹೊರಗೆ ಬಿಡಿ. ಆಮೇಲೆ ಬಿಚ್ಚಿ. ಫ್ರೀಜರ್ ಮಾತ್ರ ಬೇಡವೇ ಬೇಡ.

ಬಿಸಿಲಿಗೆ ಇಡುವ ಪದ್ಧತಿ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಟಾರ್ಚಿಗೇ ಬ್ಯಾಟರಿ ಅನ್ನುತ್ತಿದ್ದರು. ಅದರ ಬೆಳಕು ಮಂಕಾದರೆ ಸೆಲ್ಲು ತೆಗೆದು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸುತ್ತಿದ್ದರು. ರಾತ್ರಿಗೆ ಸ್ವಲ್ಪ ಹೊತ್ತು ಬೆಳಕು ಬರುತ್ತಿತ್ತು ಕೂಡ. ಬಿಸಿಗೆ ಒಳಗಿನ ಕ್ರಿಯೆ ಚುರುಕಾಗುತ್ತದೆ, ಉಳಿದಿದ್ದ ಚೂರು ಶಕ್ತಿ ಹೊರಗೆ ಬರುತ್ತದೆ, ಅಷ್ಟೇ. ಹೊಸ ಶಕ್ತಿ ಸೇರುವುದಿಲ್ಲ. ಹಾಗೆ ಕಾಯಿಸಿದ ಸೆಲ್ಲು ಒಂದೆರಡು ದಿನದಲ್ಲಿ ಟಾರ್ಚಿನೊಳಗೇ ನೀರು ಬಿಡುತ್ತಿತ್ತು. ಎಷ್ಟು ಒಳ್ಳೊಳ್ಳೆಯ ಹಿತ್ತಾಳೆ ಟಾರ್ಚುಗಳು ಹೀಗೆ ಹಾಳಾದವು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸೆಲ್ಲು ಇದೆಯಾ ಸತ್ತಿದೆಯಾ ಅಂತ ತಿಳಿಯಲು ಒಂದು ಮಲ್ಟಿಮೀಟರ್ ಕೊಂಡುಬಿಡಿ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಜೀವನಪೂರ್ತಿ ಬರುತ್ತದೆ. ಹೊಸ ಆಲ್ಕಲೈನ್ 1.6 ವೋಲ್ಟ್ ಹತ್ತಿರ ತೋರಿಸುತ್ತದೆ. 1.3ಕ್ಕೆ ಇಳಿದಿದ್ದರೆ ಗಡಿಯಾರಕ್ಕೆ ಹಾಕಿ, ಇನ್ನೂ ಕೆಲಸ ಮಾಡುತ್ತದೆ. 1.1ಕ್ಕಿಂತ ಕೆಳಗಿದ್ದರೆ ಎತ್ತಿಡುವುದು ಬೇಡ. ಮೇಜಿನ ಮೇಲೆ ಸೆಲ್ಲು ಬೀಳಿಸಿ, ಪುಟಿದರೆ ಸತ್ತಿದೆ ಅಂತ ಹೇಳುವ ವಿಡಿಯೊ ನೀವೂ ನೋಡಿರಬಹುದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಅದನ್ನೇ ಪರೀಕ್ಷೆ ಮಾಡಿ ನೋಡಿದರು. ಆಲ್ಕಲೈನ್ ಒಳಗಿನ ಸತುವಿನ ಅಂಟು ಬಳಸುತ್ತಾ ಹೋದಂತೆ ಗಟ್ಟಿಯಾಗುತ್ತದೆ, ಅದಕ್ಕೆ ಪುಟಿಯುತ್ತದೆ. ಆದರೆ ಸುಮಾರು ಅರ್ಧ ಖಾಲಿಯಾಗುವಷ್ಟರಲ್ಲೇ ಪೂರ್ತಿ ಪುಟಿಯಲು ಶುರುಮಾಡಿರುತ್ತದೆ. ಅಂದರೆ ಪುಟಿದ ಸೆಲ್ಲನ್ನೆಲ್ಲ ಎಸೆದರೆ ಅರ್ಧ ಜೀವ ಇರುವುದನ್ನೂ ಎಸೆದ ಹಾಗಾಗುತ್ತದೆ.

ಈಗ ರೀಚಾರ್ಜ್ ಸೆಲ್ಲು, ಎಚ್‌ಆರ್ ಅಂತ ಇರುವುದು. ಒಂದು ವರ್ಷಕ್ಕೆ ಹೋದವು ಅಂದಿರಿ. ಇಟ್ಟ ರೀತಿಗಿಂತ ಚಾರ್ಜರ್ ಮೇಲೆ ನನಗೆ ಅನುಮಾನ ಜಾಸ್ತಿ. ಅಗ್ಗದ ಚಾರ್ಜರುಗಳಿಗೆ ಸೆಲ್ಲು ತುಂಬಿತು ಅಂತ ತಿಳಿಯುವುದೇ ಇಲ್ಲ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ತನಕ ಕರೆಂಟು ತಳ್ಳುತ್ತಲೇ ಇರುತ್ತವೆ. ತುಂಬಿದ ಮೇಲೆ ಹೋದ ಕರೆಂಟೆಲ್ಲ ಬಿಸಿಯಾಗಿ ಸೆಲ್ಲನ್ನು ಬೇಯಿಸುತ್ತದೆ. ಚಾರ್ಜರಿನಿಂದ ತೆಗೆದಾಗ ಸೆಲ್ಲು ಉಗುರುಬೆಚ್ಚಗೆ ಇದ್ದರೆ ಸರಿ. ಹಿಡಿಯಲು ಆಗದಷ್ಟು ಸುಡುತ್ತಿದ್ದರೆ ಆ ಚಾರ್ಜರ್ ಬಿಡಿ. ತುಂಬಿದಾಗ ತಾನೇ ನಿಲ್ಲುವ, ಪ್ರತಿ ಸೆಲ್ಲನ್ನೂ ಬೇರೆಬೇರೆ ನೋಡಿಕೊಳ್ಳುವ ಚಾರ್ಜರ್ ತೆಗೆದುಕೊಳ್ಳಿ. ದುಡ್ಡು ಹಾಕುವುದಾದರೆ ಸೆಲ್ಲಿಗಿಂತ ಮೊದಲು ಚಾರ್ಜರಿಗೆ ಹಾಕಿ.

ಎರಡನೆಯದು, ನಿಕ್ಕಲ್ ಸೆಲ್ಲಿನಲ್ಲೂ ಎರಡು ಬಗೆ. ಹಳೆ ಬಗೆಯವು ಸುಮ್ನೆ ಇಟ್ಟರೂ ಒಂದೇ ತಿಂಗಳಲ್ಲಿ ಶೇ 20ರಿಂದ 30 ಇಳಿದುಬಿಡುತ್ತಿದ್ದವು. ಹಬ್ಬಕ್ಕೆ ಚಾರ್ಜ್ ಮಾಡಿಟ್ಟ ಸೆಲ್ಲನ್ನು ಮುಂದಿನ ಹಬ್ಬಕ್ಕೆ ಕ್ಯಾಮೆರಾಗೆ ಹಾಕಿದರೆ ಏನೂ ಇರುತ್ತಿರಲಿಲ್ಲ. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಎನೆಲೂಪ್ ಅನ್ನುವ ಸೆಲ್ಲು ತಂದಿತು. ಒಂದು ವರ್ಷ ಇಟ್ಟ ಮೇಲೂ ಅದರಲ್ಲಿ ಶೇ 85 ಉಳಿಯುತ್ತದೆ ಅಂದಿತು. ಈಗ ಬೇರೆ ಕಂಪನಿಗಳೂ ಅಂಥದ್ದನ್ನು ಮಾಡುತ್ತವೆ. ಪ್ಯಾಕಿನ ಮೇಲೆ 'ರೆಡಿ ಟು ಯೂಸ್' ಅಥವಾ 'ಪ್ರೀ-ಚಾರ್ಜ್ಡ್' ಅಂತ ಬರೆದಿದ್ದರೆ ಸಾಮಾನ್ಯವಾಗಿ ಅದು ಈ ಹೊಸ ಬಗೆ. ಎಎ ಗಾತ್ರದಲ್ಲಿ 2000 ಮಿಲಿಆಂಪ್-ಅವರ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಆಸುಪಾಸಿನದು ತನ್ನಿ. ಇನ್ನೂ ದೊಡ್ಡ ಅಂಕಿ ಬರೆದಿರುವುದು ಬಾಳಿಕೆಯಲ್ಲಿ ಹಿಂದೆ ಬೀಳುವುದೇ ಜಾಸ್ತಿ.

ಇವನ್ನು ಇಡುವುದು ಕಷ್ಟ ಅಲ್ಲ. ಚಾರ್ಜ್ ಮಾಡಿ, ಉಪಕರಣದಿಂದ ಹೊರಗೆ ತೆಗೆದು, ಪ್ಲಾಸ್ಟಿಕ್ ಡಬ್ಬದಲ್ಲಿ ಇಡಿ. ಆರು ತಿಂಗಳಿಗೆ ಒಮ್ಮೆ ತೆಗೆದು ಮತ್ತೆ ಚಾರ್ಜಿಗೆ ಹಾಕಿ. ಬಹಳ ದಿನ ಮಲಗಿದ್ದ ಸೆಲ್ಲು ಮೊದಲ ಸಲ ಪೂರ್ತಿ ಶಕ್ತಿ ಕೊಡದಿದ್ದರೆ ಗಾಬರಿ ಬೇಡ. ಎರಡು ಮೂರು ಸಲ ಚಾರ್ಜ್ ಮಾಡಿ ಖಾಲಿ ಮಾಡಿದರೆ ಎಚ್ಚರಗೊಳ್ಳುತ್ತದೆ. ಜೋಡಿಯನ್ನು ಒಡೆಯದಿರುವುದು ಮುಖ್ಯ. ಮಾರ್ಕರ್‌ನಿಂದ ಒಂದು ಜೋಡಿಗೆ 'ಅ', ಇನ್ನೊಂದಕ್ಕೆ 'ಆ' ಅಂತ ಬರೆದು, ಕೊಂಡ ತಿಂಗಳು, ವರ್ಷವನ್ನೂ ಬರೆಯಿರಿ. ಒಂದು ತುಂಬಿದ್ದು, ಒಂದು ಬಳಲಿದ್ದು ಸೇರಿದರೆ, ಬಳಲಿದ್ದು ಪೂರ್ತಿ ಖಾಲಿಯಾದ ಮೇಲೂ ತುಂಬಿದ್ದು ಅದರೊಳಗೆ ಕರೆಂಟು ಹಿಮ್ಮುಖ ತಳ್ಳುತ್ತದೆ. ಆ ಸೆಲ್ಲು ಮತ್ತೆ ಸುಧಾರಿಸುವುದಿಲ್ಲ. ಇದು ಮಾಮೂಲಿ ಸೆಲ್ಲಿಗೂ ಅನ್ವಯ. ಮೂರು ಸೆಲ್ಲಿನ ಟಾರ್ಚಿನಲ್ಲಿ ಒಂದನ್ನೇ ಬದಲಾಯಿಸುವುದು ಉಳಿತಾಯ ಅನ್ನಿಸುತ್ತದೆ, ಆದರೆ ನೀರು ಬಿಡುವುದಕ್ಕೆ ಅದೇ ದೊಡ್ಡ ಕಾರಣ.

ಫೋನು, ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಟ್ರಿಮ್ಮರ್‌ಗಳದ್ದು ಲಿಥಿಯಂ-ಅಯಾನ್. ಇವು ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಮನೆಯಲ್ಲಿ ಇದ್ದೇ ಇರುತ್ತವೆ. ಇವುಗಳ ಸ್ವಭಾವ ಬೇರೆ. ಪೂರ್ತಿ ತುಂಬಿಸಿ ಎತ್ತಿಟ್ಟರೆ ಒಳಗೊಳಗೇ ಮುದಿಯಾಗುತ್ತವೆ. ಬಳಕೆಯಲ್ಲಿರುವ ಒಂದು ಅಂದಾಜು ಹೇಳುತ್ತೇನೆ. 25 ಡಿಗ್ರಿಯಲ್ಲಿ ಪೂರ್ತಿ ಚಾರ್ಜ್ ಮಾಡಿ ಒಂದು ವರ್ಷ ಇಟ್ಟರೆ ಅದರ ಸಾಮರ್ಥ್ಯದಲ್ಲಿ ಶೇ 20ರಷ್ಟು ಹೋಗುತ್ತದೆ. ಅದೇ ಶೇ 40ರಷ್ಟು ಚಾರ್ಜಿನಲ್ಲಿ ಇಟ್ಟರೆ ಹೋಗುವುದು ಶೇ 4ರಷ್ಟು. 40 ಡಿಗ್ರಿಯ ಬಿಸಿಯಲ್ಲಾದರೆ ಈ ನಷ್ಟ ಶೇ 35 ಮತ್ತು 15ಕ್ಕೆ ಏರುತ್ತದೆ. ಹೀಗೆ ಹೋದದ್ದು ಚಾರ್ಜ್ ಮಾಡಿದರೂ ತಿರುಗಿ ಬರುವುದಿಲ್ಲ. ನಿಮ್ಮ ಊರಿನ ಬೇಸಿಗೆಗೆ ಹಿಡಿಯುವುದು ಕೊನೆಯ ಲೆಕ್ಕ.

ಹಾಗಂತ ಪೂರ್ತಿ ಖಾಲಿ ಮಾಡಿ ಇಡುವುದೂ ತಪ್ಪು. ಇಳಿದಿಳಿದು ಒಂದು ಸೆಲ್ಲಿನ ವೋಲ್ಟೇಜ್ 2.5ಕ್ಕಿಂತ ಬಹಳ ಕೆಳಗೆ ಹೋದರೆ, ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜಿಗೆ ಹಾಕಿದರೆ ಒಳಗೇ ಶಾರ್ಟ್ ಆಗಬಹುದು, ಬೆಂಕಿಯೂ ಹೊತ್ತಬಹುದು. ಆದ್ದರಿಂದ ಅರ್ಧ ಚಾರ್ಜ್ ಮಾಡಿ, ಪೂರ್ತಿ ಸ್ವಿಚ್ ಆಫ್ ಮಾಡಿ, ತಂಪು ಜಾಗದಲ್ಲಿ ಇಡಿ. ಆರು ತಿಂಗಳಿಗೆ ಒಮ್ಮೆ ಮತ್ತೆ ಅರ್ಧಕ್ಕೆ ತನ್ನಿ. ಆಪಲ್ ಕಂಪನಿ ತನ್ನ ಫೋನುಗಳಿಗೆ ಹೇಳುವುದೂ ಇದೇ ಮಾತು, 32 ಡಿಗ್ರಿಗಿಂತ ಕಡಿಮೆ ಇರುವ ಕಡೆ ಇಡಿ ಅಂತಲೂ ಹೇಳುತ್ತದೆ. ಅಲ್ಮಾರಿಯಲ್ಲಿ ಮೂರು ವರ್ಷದಿಂದ ಮಲಗಿರುವ ಹಳೆ ಫೋನು ಇದ್ದರೆ ಒಮ್ಮೆ ತೆಗೆದು ನೋಡಿ. ಹಿಂದಿನ ಕವಚ ಎದ್ದಿದ್ದರೆ, ಪರದೆ ಒಂದು ಕಡೆ ಮೇಲೆ ಬಂದಿದ್ದರೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಬಟ್ಟೆ, ಕಾಗದದಿಂದ ದೂರ ಒಂದು ಮಣ್ಣಿನ ಪಾತ್ರೆಯಲ್ಲಿಟ್ಟು, ಬೇಗ ಸರ್ವಿಸ್ ಸೆಂಟರಿಗೆ ಮುಟ್ಟಿಸಿ.

ಸೀಸದ ಬ್ಯಾಟರಿ ಇದಕ್ಕೆ ತದ್ವಿರುದ್ಧ. ಇನ್ವರ್ಟರ್, ಕಾರು ಇವುಗಳದ್ದು ಸಾಮಾನ್ಯವಾಗಿ ಸೀಸದ್ದು. ಹಳೆ ಎಮರ್ಜೆನ್ಸಿ ಲೈಟಿನಲ್ಲಿ, ಎಷ್ಟೋ ಸೊಳ್ಳೆ ಬ್ಯಾಟುಗಳಲ್ಲಿ ಇರುವ ಚಿಕ್ಕ 4 ವೋಲ್ಟ್ ಬ್ಯಾಟರಿಯೂ ಸೀಸದ್ದೇ. ಇದನ್ನು ಖಾಲಿ ಇಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಕಟ್ಟಿ ಗಟ್ಟಿಯಾಗುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಆ ಹರಳು ಕರಗುವುದಿಲ್ಲ. ಚಳಿಗಾಲ ಮುಗಿಯುತ್ತಿದ್ದ ಹಾಗೆ ಸೊಳ್ಳೆ ಬ್ಯಾಟನ್ನು ಖಾಲಿಯೇ ಮೂಲೆಗೆ ಎಸೆದು, ಮಳೆಗಾಲಕ್ಕೆ ಹುಡುಕಿದರೆ ಅದು ಸತ್ತಿರುವುದು ಇದೇ ಕಾರಣಕ್ಕೆ. ಬ್ಯಾಟು ಕೆಟ್ಟಿತು ಅಂತ ಹೊಸದು ತರುತ್ತೇವೆ. ಎರಡು ತಿಂಗಳಿಗೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದ್ದರೆ ಹಳೆಯದೇ ನಡೆಯುತ್ತಿತ್ತು.

ನಿಮ್ಮ ಇನ್ವರ್ಟರಿಗೂ ಹೀಗೇ ಆಗಿದೆ ಅಂತ ನನ್ನ ಊಹೆ. ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗಿರುತ್ತೀರಿ. ಎಲ್ಲರೂ ಮಾಡುತ್ತಾರೆ, ಜಾಗರೂಕತೆ ಅಂತಲೇ ಮಾಡುತ್ತಾರೆ. ಆದರೆ ಇನ್ವರ್ಟರಿಗೆ ಅದು ಕರೆಂಟು ಹೋಯಿತು ಅಂತ ಮಾತ್ರ ತಿಳಿಯುತ್ತದೆ. ವೈಫೈ ಡಬ್ಬಿಗೋ, ಮರೆತು ಬಿಟ್ಟ ದೀಪಕ್ಕೋ ತನ್ನ ಬ್ಯಾಟರಿಯಿಂದ ಕರೆಂಟು ಕೊಡುತ್ತಾ ಹೋಗುತ್ತದೆ. ಮೊದಲೆರಡು ದಿನದಲ್ಲೇ ಖಾಲಿ. ಆಮೇಲೆ ಉಳಿದ ಇಪ್ಪತ್ತೆಂಟು ದಿನ 40 ಡಿಗ್ರಿ ಬಿಸಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಮಲಗಿರುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಹೊರಡುವ ಹಿಂದಿನ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಲಿ. ನೀರಿನ ಮಟ್ಟ ನೋಡಿ, ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಬೇಡ, ಆರ್‌ಒ ನೀರೂ ಬೇಡ, ಅದರಲ್ಲೂ ಲವಣ ಉಳಿದಿರುತ್ತದೆ. ಮೇನ್ ಆಫ್ ಮಾಡುವುದಾದರೆ ಇನ್ವರ್ಟರಿನ ಮುಂಭಾಗದ ಬಟನ್ನನ್ನೂ ಆಫ್ ಮಾಡಿ. ಒಂದು ತಿಂಗಳಿಗಿಂತ ಜಾಸ್ತಿ ದಿನ ಮನೆ ಬೀಗ ಹಾಕುವುದಾದರೆ ಎಲೆಕ್ಟ್ರಿಷಿಯನ್ ಕರೆದು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ. ಸಾಧ್ಯ ಇದ್ದರೆ ಮೇನ್ ಆನ್ ಇಟ್ಟು, ಇನ್ವರ್ಟರ್ ಒಂದಕ್ಕೆ ಕರೆಂಟು ಬರುವ ಹಾಗೆ ಬಿಟ್ಟು, ಬೇರೆ ಎಲ್ಲ ಸ್ವಿಚ್ ಆಫ್ ಮಾಡಿ ಹೋಗುವುದು ಇನ್ನೂ ಒಳ್ಳೆಯದು. ತುಂಬಿದ 12 ವೋಲ್ಟ್ ಬ್ಯಾಟರಿ, ಚಾರ್ಜಿಂಗ್ ನಿಲ್ಲಿಸಿ ಕೆಲ ಗಂಟೆ ಬಿಟ್ಟ ಮೇಲೆ, 12.6ರಿಂದ 12.7 ವೋಲ್ಟ್ ತೋರಿಸುತ್ತದೆ. 12.4ಕ್ಕೆ ಇಳಿಯುತ್ತಿದ್ದ ಹಾಗೆ ಚಾರ್ಜಿಗೆ ಹಾಕಬೇಕು. ಮನೆಯ ಪಶ್ಚಿಮ ಗೋಡೆಯ ಪಕ್ಕ, ಸಂಜೆ ಬಿಸಿಲು ಬಡಿಯುವ ಕಡೆ ಬ್ಯಾಟರಿ ಇಟ್ಟಿದ್ದರೆ ಜಾಗ ಬದಲಾಯಿಸಿ. ಸೀಸದ ಬ್ಯಾಟರಿಗೆ ಸುಮಾರು 10 ಡಿಗ್ರಿ ಬಿಸಿ ಜಾಸ್ತಿಯಾದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಗಾಳಿಯಾಡುವ ಜಾಗ ಇರಲಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಹತ್ತಿರದಲ್ಲಿ ದೀಪ, ಊದುಬತ್ತಿ ಹಚ್ಚಬೇಡಿ.

ಮನೆಯಲ್ಲಿ ಮೊಮ್ಮಕ್ಕಳು ಓಡಾಡುತ್ತಿದ್ದರೆ ಬಟನ್ ಸೆಲ್ಲನ್ನು ಬೀಗ ಹಾಕಿ ಇಡಿ. ಇದು ಬಾಳಿಕೆಯ ಮಾತಲ್ಲ, ಜೀವದ ಮಾತು. ನುಂಗಿದ ಬಟನ್ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟ ಗಾಯ ಮಾಡುತ್ತದೆ. ಶಕ್ತಿ ಮುಗಿದು ತೆಗೆದ ಸೆಲ್ಲೂ ಸುಡುತ್ತದೆ. ಮಗು ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಿ. ಸಣ್ಣ ರಿಮೋಟು, ಹಾಡುವ ಆಟಿಕೆಗಳ ಹಿಂಬದಿ ಸ್ಕ್ರೂ ಬಿಗಿಯಾಗಿದೆಯಾ ಅಂತ ಇವತ್ತೇ ನೋಡಿ. ಹಳೆಯದನ್ನು ತೆಗೆದ ಕೂಡಲೇ ಎರಡೂ ಕಡೆ ಟೇಪ್ ಸುತ್ತಿ.

ಸತ್ತ ಸೆಲ್ಲುಗಳನ್ನು ಒಲೆಗೆ, ತಿಪ್ಪೆಗೆ ಹಾಕಬೇಡಿ. ಬೆಂಕಿಗೆ ಬಿದ್ದರೆ ಸಿಡಿಯುತ್ತವೆ. ಅಡ್ಡಗೆರೆ ಎಳೆದ ಗಾಲಿ ಕಸದಬುಟ್ಟಿಯ ಚಿತ್ರ ಅದರ ಮೇಲೆ ಇರುತ್ತದೆ, ಮಾಮೂಲಿ ಕಸಕ್ಕೆ ಬೇಡ ಅಂತ ಅದರ ಅರ್ಥ. 2022ರಲ್ಲಿ ಬಂದ ಕೇಂದ್ರದ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಇನ್ವರ್ಟರ್ ಬ್ಯಾಟರಿಗಾದರೆ ಹೊಸದು ಕೊಳ್ಳುವಾಗ ಹಳೆಯದಕ್ಕೆ ದುಡ್ಡೂ ಹಿಡಿಯುತ್ತಾರೆ. ಸಣ್ಣ ಸೆಲ್ಲುಗಳನ್ನು ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಸಿ, ಕಸ ಒಯ್ಯುವವರ ಕೈಗೆ ಬೇರೆಯಾಗಿ, ಇದು ಸೆಲ್ಲು ಅಂತ ಹೇಳಿ ಕೊಡಿ.

ಇನ್ನು ಮಾವನವರ ರೇಡಿಯೊ. ಇಂಥ ರೇಡಿಯೊ ನನ್ನ ಮೇಜಿಗೆ ಎಷ್ಟೋ ಬಂದಿವೆ. ಹಿಂಬದಿ ಮುಚ್ಚಳ ತೆಗೆದರೆ ಸ್ಪ್ರಿಂಗಿನ ಸುತ್ತ ಸುಣ್ಣ ಮೆತ್ತಿದ ಹಾಗೆ ಬಿಳಿ ಪದರ, ಅದರ ಕೆಳಗೆ ಹಸಿರು ಕಿಲುಬು. ಬೆರಳಿನಿಂದ ಮುಟ್ಟಿದರೆ ಸ್ಪ್ರಿಂಗ್ ಪುಡಿಯಾಗಿ ಉದುರುವುದೂ ಉಂಟು. ನಿಮ್ಮದು ಆ ಮಟ್ಟಕ್ಕೆ ಹೋಗಿಲ್ಲ ಅಂದುಕೊಳ್ಳುತ್ತೇನೆ.

ಆಲ್ಕಲೈನ್ ಸೆಲ್ಲು ಖಾಲಿಯಾದ ಮೇಲೆ ಒಳಗೆ ಹೈಡ್ರೋಜನ್ ಸೇರುತ್ತದೆ. ಒತ್ತಡ ತಡೆಯದೆ ಸೀಲ್ ಬಿಡುತ್ತದೆ. ಆಗ ಒಳಗಿನ ಕ್ಷಾರ ಹೊರಗೆ ಬಂದು ಗಾಳಿ ತಾಗಿ ಬಿಳಿ ಪುಡಿಯಾಗುತ್ತದೆ. ಸತು-ಕಾರ್ಬನ್ ಸೆಲ್ಲಿನದು ಬೇರೆ ಕಥೆ. ಅದರಲ್ಲಿ ಸತುವಿನ ಡಬ್ಬಿಯೇ ಇಂಧನ. ಬಳಸಿದಷ್ಟೂ ಅದು ತೆಳ್ಳಗಾಗಿ ಕೊನೆಗೆ ತೂತು ಬೀಳುತ್ತದೆ. ಒಳಗಿಂದ ಬರುವುದು ಹುಳಿ ಜಾತಿಯ ಅಂಟು ನೀರು. ಆದ್ದರಿಂದ ಒರೆಸುವ ಮೊದಲು ಸೆಲ್ಲಿನ ಅಕ್ಷರ ನೋಡಿ. ಎಲ್‌ಆರ್ ಅಂತ ಇದ್ದರೆ ನಿಂಬೆರಸ ಅಥವಾ ವಿನೆಗರ್. ಬರೀ ಆರ್ ಇದ್ದರೆ ಅಡುಗೆ ಸೋಡಾ ಕಲಸಿದ ನೀರು.

ಕೈಗೆ ಕವಚ ಹಾಕಿಕೊಳ್ಳಿ, ಕನ್ನಡಕ ಇರಲಿ. ರೇಡಿಯೊ ಬಗ್ಗಿಸಿ, ಒಣ ಪುಡಿಯನ್ನು ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಕಾಗದದ ಮೇಲೆ ಉದುರಿಸಿ. ಊದಬೇಡಿ, ಕಣ್ಣಿಗೆ ಬೀಳುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ, ಹಿಂಡಿ, ಸ್ಪ್ರಿಂಗಿಗೆ ಒತ್ತಿ ಹಿಡಿಯಿರಿ. ಸಣ್ಣಗೆ ನೊರೆ ಬರುತ್ತದೆ, ಕಿವಿ ಹತ್ತಿರ ಹಿಡಿದರೆ ಚುರ್ ಅಂತ ಕೇಳಿಸುತ್ತದೆ. ನೊರೆ ನಿಲ್ಲುವ ತನಕ ಕಡ್ಡಿ ಬದಲಾಯಿಸುತ್ತಾ ಮಾಡಿ. ರಸ ಒಳಗಿನ ಬೋರ್ಡಿಗೆ ಇಳಿಯದಂತೆ ನೋಡಿಕೊಳ್ಳಿ. ಆಮೇಲೆ ಒದ್ದೆ ಮಾಡಿದ ಹತ್ತಿಯಿಂದ ಹುಳಿ ಹೋಗುವಂತೆ ಒರೆಸಿ, ಒಂದು ದಿನ ನೆರಳಲ್ಲಿ ಒಣಗಿಸಿ. ಲೋಹ ಇನ್ನೂ ಕಪ್ಪಗೆ ಇದ್ದರೆ ನುಣುಪಾದ ಮರಳು ಕಾಗದದ ಸಣ್ಣ ತುಂಡಿನಿಂದ ಹೊಳಪು ಬರುವ ತನಕ ಉಜ್ಜಿ. ಸ್ಪ್ರಿಂಗ್ ಮುರಿದಿದ್ದರೆ ಹತ್ತಿರದ ರಿಪೇರಿ ಅಂಗಡಿಯವರು ಹಾಕಿಕೊಡುತ್ತಾರೆ, ದೊಡ್ಡ ಖರ್ಚಿನ ಕೆಲಸ ಅಲ್ಲ.

ನಂತರ ಹೊಸ ಸೆಲ್ಲು ಹಾಕಿ ಹಚ್ಚಿ ನೋಡಿ. ಹಳೆ ರೇಡಿಯೊಗಳು ಗಟ್ಟಿಮುಟ್ಟು, ಸೆಲ್ಲಿನ ಖಾನೆ ಶುದ್ಧವಾದರೆ ಬಹಳ ಸಲ ಹಾಡುತ್ತವೆ. ವಾಲ್ಯೂಮ್ ತಿರುಗಿಸುವಾಗ ಗರಗರ ಅಂದರೆ ಅದು ಧೂಳು, ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಕಡಿಮೆಯಾಗುತ್ತದೆ. ದಿನಾ ಕೇಳುವುದಾದರೆ ಸೆಲ್ಲು ಒಳಗಿರಲಿ, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ. ನೆನಪಿಗೆ ಅಂತ ಷೋಕೇಸಿನಲ್ಲಿ ಇಡುವುದಾದರೆ ಸೆಲ್ಲು ಹೊರಗೆ ತೆಗೆದು, ರಬ್ಬರ್ ಬ್ಯಾಂಡ್ ಹಾಕಿ, ತಾರೀಖು ಬರೆದು ರೇಡಿಯೊದ ಪಕ್ಕದಲ್ಲೇ ಇಡಿ.